ನೀಲಗಿರಿ ತೋಪಿನ ತೆರವು: ಬೊಡ್ಡೆ ಕೀಳಲು ಜೆಸಿಬಿ ಸಾಕೇ, ಹಿಟಾಚಿಯೇ ಬೇಕೇ?

ದೋರಸಮುದ್ರ (ಪ್ರಶ್ನೆ)

ಬೇಲೂರು ತಾಲ್ಲೂಕಿನ ಹಳೇಬೀಡು ಹೋಬಳಿಯಲ್ಲಿ ನಮಗೆ ಮೂರು ಎಕರೆಗಿಂತ ಸ್ವಲ್ಪ ಹೆಚ್ಚು ಕೆಂಪುಮಣ್ಣಿನ ಜಮೀನಿದೆ. ತಂದೆಯವರು ಅಲ್ಲಿ ನೆಟ್ಟ ನೀಲಗಿರಿ ಮೂರು ಕಟಾವು ಕಂಡು, ಈಗ ಮತ್ತೆ ಕೂಳೆ ಚಿಗುರಿ ದೊಡ್ಡದಾಗಿ ನಿಂತಿದೆ. ಅಂಚಿನಲ್ಲಿ ಒಂದಿಷ್ಟು ಸಿಲ್ವರ್ ಓಕ್, ಮೇಲಿನ ಬದುವಿನ ಬಳಿ ಎರಡು ಹೊನ್ನೆ ಮತ್ತು ಒಂದು ಹಲಸಿನ ಮರ ಇವೆ. 2017ರ ಸರ್ಕಾರಿ ಆದೇಶದ ನಂತರ ನೀಲಗಿರಿಯನ್ನು ಹೊಸದಾಗಿ ನೆಡುವಂತಿಲ್ಲ, ನಮಗೆ ಆ ಮನಸ್ಸೂ ಉಳಿದಿಲ್ಲ. ಜಾಗವನ್ನು ತೆರವು ಮಾಡಿ ತೆಂಗು ಹಾಕಿ, ಸಸಿ ಮೇಲೇಳುವವರೆಗೆ ಸಾಲುಗಳ ನಡುವೆ ಮುಸುಕಿನ ಜೋಳ ಬೆಳೆಯಬೇಕೆಂದಿದ್ದೇವೆ.

ಮರ ಕೊಳ್ಳಲು ವ್ಯಾಪಾರಿಯೊಬ್ಬರು ಬಂದು ನೋಡಿ ಹೋಗಿದ್ದಾರೆ. ತೊಡಕಿರುವುದು ಕಟಾವಿನ ನಂತರ ನೆಲದಲ್ಲಿ ಉಳಿಯುವ ಬೊಡ್ಡೆಗಳದ್ದು. ಪಕ್ಕದ ಜಮೀನಿನವರು ಜೆಸಿಬಿಯೇ ಸಾಕೆನ್ನುತ್ತಾರೆ, ಯಂತ್ರದ ಮಾಲೀಕರು ಹಿಟಾಚಿ (ಉಕ್ಕಿನ ಪಟ್ಟಿಯ ಮೇಲೆ ಸಾಗುವ ದೊಡ್ಡ ಅಗೆಯುವ ಯಂತ್ರ) ತರದೆ ಆಗದು ಎನ್ನುತ್ತಾರೆ. ಗಂಟೆಯ ಲೆಕ್ಕಕ್ಕೆ ಗೊತ್ತು ಮಾಡುವುದು ಸರಿಯೋ, ಎಕರೆಯ ಲೆಕ್ಕದ ಗುತ್ತಿಗೆ ಸರಿಯೋ ಎಂಬುದನ್ನೂ, ಕೆಲಸವನ್ನು ಯಾವ ತಿಂಗಳಲ್ಲಿ ಹಿಡಿಯಬೇಕೆಂಬುದನ್ನೂ ಮಾಡಿಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಕೆಮ್ಮಣ್ಣು

ಯಂತ್ರದ ಬಾಡಿಗೆ ಮಾತನಾಡುವ ಮೊದಲು ಮರದ ವ್ಯಾಪಾರಿಯೊಂದಿಗೆ ಮಾತು ಮುಗಿಸಿಕೊಳ್ಳಿ, ಏಕೆಂದರೆ ಬೊಡ್ಡೆ ಕೀಳುವ ಖರ್ಚಿನ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ. ನೀಲಗಿರಿ ಟನ್ನಿನ ಲೆಕ್ಕದಲ್ಲಿ ಮಾರಾಟವಾಗುವುದರಿಂದ, ಹೇಳುವವರಿಲ್ಲದಿದ್ದರೆ ಕಟಾವಿನವರು ಮರವನ್ನು ನೆಲಕ್ಕೆ ಸಮನಾಗಿ ಕೊಯ್ದುಬಿಡುತ್ತಾರೆ. ಹಾಗೆ ಕೊಯ್ದ ಬೊಡ್ಡೆಯಲ್ಲಿ ಬಕೆಟ್ಟಿಗೆ ಹಿಡಿತವೇ ಸಿಗುವುದಿಲ್ಲ. ಮೂರು ನಾಲ್ಕು ಅಡಿ ಕಾಂಡ ಉಳಿದಿದ್ದರೆ ಆಪರೇಟರ್ ಅದನ್ನೇ ಸನ್ನೆಕೋಲಿನಂತೆ ತಳ್ಳಿ ಬೇರನ್ನು ಮೇಲೆಬ್ಬಿಸುತ್ತಾನೆ. ಉಳಿದ ಕಾಂಡವನ್ನು ಬುಡ ಕಿತ್ತ ಮೇಲೆ ಕೊಯ್ದು ಕೊಡುತ್ತೇವೆ ಎಂದರೆ ವ್ಯಾಪಾರಿಗೂ ನಷ್ಟವಿಲ್ಲ. ಅವರು ಒಪ್ಪದೆ ಎಳೆದಾಡಿದರೆ ಟನ್ನಿಗೆ ಒಂದಿಷ್ಟು ಬಿಟ್ಟುಕೊಟ್ಟರೂ ಚಿಂತೆಯಿಲ್ಲ, ಯಂತ್ರದ ಗಂಟೆಗಳಲ್ಲಿ ಅದಕ್ಕಿಂತ ಹೆಚ್ಚು ಉಳಿಯುತ್ತದೆ.

ಯಂತ್ರದ ವಿಷಯಕ್ಕೆ ಬಂದರೆ, ಒಂದೇ ಕಟಾವು ಕಂಡ ಎಳೆಯ ಬೊಡ್ಡೆಗೆ ಜೆಸಿಬಿ ಸಾಕು. ಮೂರು ಕಟಾವು ಕಂಡ ನಿಮ್ಮ ಬೊಡ್ಡೆಗಳು ಹಾಗಲ್ಲ, ಪ್ರತಿ ಕೂಳೆಗೂ ಬುಡ ಅಗಲವಾಗಿ ಗಂಟುಗಟ್ಟಿರುತ್ತದೆ. ಜೆಸಿಬಿ ಪ್ರತಿ ಬೊಡ್ಡೆಯ ಬಳಿಯೂ ಕಾಲೂರಿ ನಿಂತು, ಅಗೆದು, ಕಾಲೆತ್ತಿ ಮುಂದಕ್ಕೆ ಹೋಗಬೇಕು; ಅದರ ಹಿಂದಿನ ತೋಳು ತಿರುಗುವುದೂ ಅರ್ಧ ಸುತ್ತು ಮಾತ್ರ. ಹಿಟಾಚಿ ನಿಂತಲ್ಲೇ ಪೂರ್ತಿ ಸುತ್ತುವುದರಿಂದ ಒಂದೇ ನಿಲುವಿನಲ್ಲಿ ಸುತ್ತಲಿನ ಹಲವು ಬೊಡ್ಡೆಗಳನ್ನು ಮುಗಿಸುತ್ತದೆ. 20 ಟನ್ ವರ್ಗದ ಹಿಟಾಚಿ ಜೆಸಿಬಿಯ ಎರಡು ಮೂರು ಪಟ್ಟು ಡೀಸೆಲ್ ಕುಡಿಯುತ್ತದೆ ಮತ್ತು ಬಾಡಿಗೆಯೂ ಅದಕ್ಕೆ ತಕ್ಕಂತೆ ಹೆಚ್ಚು ಎಂಬುದು ನಿಜ, ಆದರೆ ನೋಡಬೇಕಾದದ್ದು ಗಂಟೆಗೆ ಎಷ್ಟು ಎಂಬುದನ್ನಲ್ಲ, ಒಂದು ಬೊಡ್ಡೆಗೆ ಎಷ್ಟು ಬಿತ್ತು ಎಂಬುದನ್ನು. ಹಿಟಾಚಿ ರಸ್ತೆಯ ಮೇಲೆ ತಾನಾಗಿ ಓಡಿಬರಲಾರದು, ಟ್ರೇಲರ್ ಮೇಲೆಯೇ ಬರಬೇಕು. ಹೋಗಿಬರುವ ಆ ಬಾಡಿಗೆ ಯಾರದೆಂದು ಮೊದಲೇ ಕೇಳಿ. ಟ್ರೇಲರ್ ತಿರುಗುವಷ್ಟು ದಾರಿ ನಿಮ್ಮ ಜಮೀನಿನವರೆಗೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಗುತ್ತಿಗೆಗಿಂತ ಗಂಟೆಯ ಲೆಕ್ಕವೇ ನನ್ನ ಆಯ್ಕೆ, ಆದರೆ ನೀವು ಸ್ಥಳದಲ್ಲೇ ಇರಬೇಕು. ಎಕರೆಯ ಲೆಕ್ಕಕ್ಕೆ ಒಪ್ಪಿಕೊಂಡವರಿಗೆ ಬೇಗ ಮುಗಿಸುವ ಆತುರವಿರುತ್ತದೆ, ಮಣ್ಣಿನೊಳಗೆ ಮುರಿದು ಉಳಿದ ಬುಡ ಮಳೆ ಬಿದ್ದ ಮೇಲೆ ಚಿಗುರಿದಾಗಲೇ ನಿಮಗೆ ಕಾಣುವುದು. ಗಂಟೆಯ ಲೆಕ್ಕವಾದರೆ ಬೆಳಿಗ್ಗೆ ಮತ್ತು ಸಂಜೆ ಮೀಟರ್ ಓದಿ ಬರೆದಿಟ್ಟುಕೊಳ್ಳಿ. ಎಂಜಿನ್ ಸುಮ್ಮನೆ ಓಡುತ್ತಿದ್ದರೂ ಮೀಟರ್ ಏರುತ್ತದೆ, ಆದ್ದರಿಂದ ಊಟಕ್ಕೆ ಇಳಿಯುವಾಗ ಎಂಜಿನ್ ಆರಿಸಬೇಕೆಂದು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಡೀಸೆಲ್ ಯಾರದು, ಆಪರೇಟರನ ಬಾಟಾ (ದಿನಭತ್ಯೆ) ಯಾರದು, ದಿನಕ್ಕೆ ಕನಿಷ್ಠ ಎಷ್ಟು ಗಂಟೆಯ ಬಾಡಿಗೆ ಕೊಡಬೇಕು ಎಂಬುದೆಲ್ಲ ಚೀಟಿಯ ಮೇಲೆ ಬರಲಿ.

ಹದ್ದುಬಸ್ತು

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಯಂತ್ರ ಒಳಗೆ ಬರುವ ಮೊದಲು ಕಾಗದದ ಕೆಲಸ ಮುಗಿದಿರಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ ಮತ್ತು ಸಿಲ್ವರ್ ಓಕ್‌ಗೆ ವಿನಾಯಿತಿ ಇರುವುದರಿಂದ ಅವುಗಳ ಕಟಾವಿಗೆ ಅನುಮತಿ ಬೇಕಿಲ್ಲ. ಹೊನ್ನೆಗೆ ಆ ವಿನಾಯಿತಿ ಇಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಅನುಮತಿ ಬರುವವರೆಗೆ ಅದನ್ನು ಮುಟ್ಟಬೇಡಿ. ಕೊಂಬೆಗೆ ಬಕೆಟ್ ತಾಗದಂತೆ, ಬೇರಿನ ಹತ್ತಿರ ಅಗೆಯದಂತೆ ಆಪರೇಟರ್‌ಗೂ ಹೇಳಿ. ನಿಮ್ಮದು ದರಖಾಸ್ತಿನಲ್ಲಿ ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ, ಅದರಲ್ಲಿದ್ದ ಮರಗಳ ಮಾಲ್ಕಿಯ ಬಗ್ಗೆ ಮಂಜೂರಾತಿ ಆದೇಶದಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿ.

ಎರಡನೆಯದು ಗಡಿ. ತೋಪಿನ ಜಮೀನುಗಳಲ್ಲಿ ವರ್ಷಗಟ್ಟಲೆ ಉಳುಮೆ ಇಲ್ಲದೆ ಬದು ಸವೆದಿರುತ್ತದೆ, ಗಡಿಕಲ್ಲು ಸೊಪ್ಪುಸದೆಯ ಅಡಿ ಹೂತಿರುತ್ತದೆ, ಎಷ್ಟೋ ಕಡೆ ಅಂಚಿನ ಮರಗಳ ಸಾಲೇ ಗಡಿಯ ಗುರುತಾಗಿರುತ್ತದೆ. ಯಂತ್ರ ಒಂದು ದಿನ ಓಡಿದರೆ ಆ ಗುರುತು ಯಾವುದೂ ಉಳಿಯುವುದಿಲ್ಲ. ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಹಾಕಿ, ಅಕ್ಕಪಕ್ಕದವರ ಎದುರಿನಲ್ಲಿ ಅಳತೆ ಮಾಡಿಸಿ ಕಲ್ಲು ನೆಡಿಸಿಕೊಳ್ಳಿ. ಪಹಣಿಯಲ್ಲಿ ಬಿ ಖರಾಬು ಇದ್ದರೆ ಆ ಭಾಗ ಸಾರ್ವಜನಿಕ ಉಪಯೋಗದ್ದು, ಹಳ್ಳವೋ ದಾರಿಯೋ ಆಗಿರಬಹುದು, ಅದನ್ನು ಸಮ ಮಾಡಿ ಜಮೀನಿಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ, ಕಟಾವಿನ ದಿನವನ್ನು ವಿದ್ಯುತ್ ಸರಬರಾಜು ಸಂಸ್ಥೆ ಚೆಸ್ಕ್‌ನ ನಿಮ್ಮ ಶಾಖಾ ಕಚೇರಿಗೆ ತಿಳಿಸಿ ಲೈನ್ ಆಫ್ ಮಾಡಿಸಿ.

ಆಲೂರು ಕಡೆಯವ

ಇಷ್ಟೆಲ್ಲ ಕಷ್ಟ ಏಕೆ? ನಮ್ಮ ಕಡೆ ಶುಂಠಿ ಬೆಳೆಯುವವರಿಗೆ ಜಮೀನನ್ನು ಗುತ್ತಿಗೆಗೆ ಕೊಟ್ಟರೆ, ಹೊಸ ಮಣ್ಣು ಸಿಗುತ್ತದೆಂಬ ಆಸೆಗೆ ಅವರೇ ಯಂತ್ರ ತಂದು ಬೊಡ್ಡೆ ತೆಗೆಸಿಕೊಳ್ಳುತ್ತಾರೆ. ಒಂದು ಬೆಳೆ ಮುಗಿಯುವ ವೇಳೆಗೆ ನಿಮಗೆ ಹಸನಾದ ಹೊಲ ಸಿಗುತ್ತದೆ.

ಕೆಮ್ಮಣ್ಣು

ಶುಂಠಿಯ ದಾರಿ ಇದೆ, ಅಲ್ಲವೆನ್ನುವುದಿಲ್ಲ. ಆದರೆ ಅವರಿಗೆ ಬೇಕಾದದ್ದು ಒಂದು ವರ್ಷದ ಬೆಳೆ, ಆದ್ದರಿಂದ ಮಡಿ ಏರಿಸಲು ತೊಡಕಾಗದಷ್ಟು ಮಾತ್ರ ಬೊಡ್ಡೆ ತೆಗೆಸುತ್ತಾರೆ. ನೀರು ಬಸಿಯಲೆಂದು ಇಳಿಜಾರಿನ ದಿಕ್ಕಿಗೇ ಆಳವಾದ ಕಾಲುವೆ ತೋಡುವುದರಿಂದ ಮೇಲ್ಮಣ್ಣು ಕೊಚ್ಚಿಹೋಗುವುದೂ ಉಂಟು. ತೆಂಗು ನೆಡುವವರು ಆ ಮೇಲ್ಮಣ್ಣನ್ನೇ ಕಾಪಾಡಿಕೊಳ್ಳಬೇಕು.

ದೋರಸಮುದ್ರ

ಎಲ್ಲರಿಗೂ ಧನ್ಯವಾದಗಳು. ಹದ್ದುಬಸ್ತಿಗೆ ಈ ವಾರವೇ ಅರ್ಜಿ ಹಾಕುತ್ತೇವೆ. ಹೊನ್ನೆ, ಹಲಸು ಎರಡನ್ನೂ ಉಳಿಸಿಕೊಳ್ಳುವುದೆಂದು ಮನೆಯಲ್ಲಿ ಒಪ್ಪಿದ್ದಾರೆ. ಇನ್ನು ಎರಡು ಸಂದೇಹಗಳಿವೆ. ಕೆಲಸವನ್ನು ಯಾವಾಗ ಹಿಡಿಯಬೇಕು, ಮತ್ತು ಕಿತ್ತ ಬೊಡ್ಡೆಗಳನ್ನು ಏನು ಮಾಡಬೇಕು? ಜಮೀನಿನ ಮೂಲೆಯಲ್ಲಿ ದೊಡ್ಡ ಗುಂಡಿ ತೋಡಿ ಹೂಳಬಹುದೆಂದು ಯಂತ್ರದವರು ಹೇಳುತ್ತಿದ್ದಾರೆ.

ಕೆಮ್ಮಣ್ಣು

ಹೂಳಿಸಬೇಡಿ. ಗೆದ್ದಲು ಹಿಡಿಯುತ್ತದೆ, ಒಳಗಿನ ಮರ ಕೊಳೆತಂತೆ ಆ ಜಾಗ ಕುಸಿಯುತ್ತದೆ, ಗುಂಡಿ ತೋಡುವ ಗಂಟೆಗಳೂ ನಿಮ್ಮ ಲೆಕ್ಕಕ್ಕೇ ಬರುತ್ತವೆ. ಕಿತ್ತ ಬೊಡ್ಡೆಯನ್ನು ಬೇರು ಮೇಲಾಗಿ ಎರಡು ಮೂರು ವಾರ ಬಿಸಿಲಿಗೆ ಬಿಟ್ಟರೆ ಮಣ್ಣು ಒಣಗಿ ಉದುರುತ್ತದೆ, ಆಮೇಲೆ ಸೌದೆಯಾಗಿ ಮಾರಬಹುದು. ಇಟ್ಟಿಗೆ ಗೂಡಿನವರು ಕೊಳ್ಳುತ್ತಾರೆ, ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಿಗೂ ಸೌದೆ ಬೇಕು. ಹೆಚ್ಚು ಹಣ ಬರುವುದಿಲ್ಲ, ಆದರೆ ಸಾಗಿಸುವ ಖರ್ಚು ಅವರದಾದರೆ ಅದೇ ಲಾಭ.

ಸಮಯದ ಬಗ್ಗೆ: ಕಟಾವು ಸಂಕ್ರಾಂತಿಯ ಹೊತ್ತಿಗೆ ಮುಗಿಯಲಿ. ಮಾರ್ಚಿನ ಗಟ್ಟಿ ಕೆಂಪುಮಣ್ಣಿನಲ್ಲಿ ಬೇರು ಕಿತ್ತುಬರುವ ಬದಲು ಮುರಿಯುತ್ತದೆ, ಮುಂಗಾರು ಹಿಡಿದ ಮೇಲಾದರೆ ಯಂತ್ರವೇ ಹೂತುಕೊಂಡು ನೆಲ ತುಳಿದು ಗಟ್ಟಿಯಾಗುತ್ತದೆ. ಆದ್ದರಿಂದ ಏಪ್ರಿಲ್-ಮೇ ಹೊತ್ತಿನ ಅಶ್ವಿನಿಯೋ ಭರಣಿಯೋ ಒಂದು ಹದವಾದ ಮಳೆ ಸುರಿಸಿ, ನೆಲ ಎರಡು ಮೂರು ದಿನ ಆರಿದ ಮೇಲೆ ಯಂತ್ರ ಇಳಿಸಿ. ಆ ದಿನಗಳಲ್ಲಿ ಎಲ್ಲರಿಗೂ ಯಂತ್ರ ಬೇಕಾಗಿರುತ್ತದೆ, ಮುಂಗಡ ಕೊಟ್ಟು ಮಾತು ಕಟ್ಟಿಕೊಂಡಿರಿ. ಗುಂಡಿಗಳನ್ನು ಒಂದೇ ಸಲ ಮುಚ್ಚದೆ, ಅಡಿಮಣ್ಣನ್ನು ಪದರ ಪದರವಾಗಿ ಹಾಕಿಸಿ, ಬಕೆಟ್ಟಿನಿಂದ ಒತ್ತಿಸಿ, ಮೇಲ್ಮಣ್ಣನ್ನು ಕೊನೆಯಲ್ಲಿ ಹರಡಿಸಿ. ಮೊದಲ ವರ್ಷ ಜೋಳದ ಆಸೆ ಬಿಟ್ಟು ಹುರುಳಿಯನ್ನೋ ಸೆಣಬನ್ನೋ ಚೆಲ್ಲಿ, ಬೆಳೆದ ಮೇಲೆ ಹಸಿರುಗೊಬ್ಬರವಾಗಿ ಉತ್ತುಬಿಡಿ. ಆ ಹೊತ್ತಿಗೆ ಎಲ್ಲೆಲ್ಲಿ ಬುಡ ಉಳಿದು ಚಿಗುರಿದೆ ಎಂಬುದೂ ಕಾಣುತ್ತದೆ, ಅಷ್ಟಕ್ಕೆ ಅರ್ಧ ದಿನದ ಜೆಸಿಬಿ ಸಾಕು.