ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುವವರಿಗೆ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಡಾಕ್ಟರೇ, ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿತು. ತೋಟಕ್ಕೆ ಈಗಲೂ ಬರಿಗಾಲು. ಮೊನ್ನೆ ಉಂಬಳ ಕಚ್ಚಿ ರಕ್ತ ಸೋರುತ್ತಿದ್ದರೂ ಅವರಿಗೆ ಗೊತ್ತೇ ಆಗಿರಲಿಲ್ಲ. ಬಚ್ಚಲ ಒಲೆಯ ಮುಂದೆ ಕಾಯಿಸಿಕೊಂಡರೆ ಜೋಮು ಹೋಗುತ್ತದೆ ಎನ್ನುತ್ತಾರೆ. ಶಿವಮೊಗ್ಗಕ್ಕೆ ತೋರಿಸಬೇಕೇ?

ಉತ್ತರ: ಉಂಬಳ ಕಚ್ಚಿದ್ದು ನನಗೂ ಗೊತ್ತಾಗುವುದಿಲ್ಲಮ್ಮ, ಅದು ಬಿಡಿ. ನನಗೆ ಹೆದರಿಕೆಯಾದದ್ದು ಒಲೆಯ ಮಾತು ಕೇಳಿ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಉದ್ದದ ನರಗಳ ತುದಿ, ಅಂದರೆ ಪಾದದ ಕಡೆಯದು, ಮೊದಲು ಸೊರಗುತ್ತದೆ. ಅಂತಹ ಪಾದ ಸುಟ್ಟು ಬೊಬ್ಬೆ ಎದ್ದರೂ ಮಾವನವರಿಗೆ ತಿಳಿಯದು. ಕಾಯಿಸುವುದನ್ನು ಇವತ್ತೇ ನಿಲ್ಲಿಸಿ.

ಒಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಅವರು ಕಣ್ಣು ಮುಚ್ಚಿರಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ. ಆರರಲ್ಲಿ ಎರಡು ಕಡೆ ಮುಟ್ಟಿದ್ದು ತಿಳಿಯದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಗಾಯ ಕಪ್ಪಾಗಿದ್ದರೆ, ವಾಸನೆ ಬಂದರೆ, ಪಾದ ಕೆಂಪಾಗಿ ಊದಿದ್ದರೆ ಮಾತ್ರ ಅದೇ ದಿನ ದೊಡ್ಡ ಆಸ್ಪತ್ರೆ. ತೋಟಕ್ಕೆ ಗಂಬೂಟು ಹಾಕಲಿ, ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಲಿ. ಮನೆಗೆ ಬಂದ ಮೇಲೆ ಬೆರಳ ಸಂದು ಒರೆಸಿ ಒಣಗಿಸಿ. ಕೆಸರುಹುಣ್ಣು ಅಲ್ಲಿಂದಲೇ ಶುರು. ಕಚ್ಚಿದ ಜಾಗಕ್ಕೆ ಸುಣ್ಣ, ಹೊಗೆಸೊಪ್ಪು ಬೇಡ. ಸೋಪು, ನೀರು ಸಾಕು.

ಪ್ರಶ್ನೆ: ಸಕ್ಕರೆ ಬಿಟ್ಟು ಜೋನಿಬೆಲ್ಲ ತಿನ್ನಬಹುದಲ್ಲವೇ?

ಉತ್ತರ: ಇಲ್ಲ. ರಕ್ತಕ್ಕೆ ಎರಡೂ ಒಂದೇ.

ಪ್ರಶ್ನೆ (ಆಶಾ ಕಾರ್ಯಕರ್ತೆ, ಹೊಸನಗರ): ಸರ್, ವಯಸ್ಸು 30 ದಾಟಿದವರಿಗೆ ಸಕ್ಕರೆ ಕಾಯಿಲೆಯಂಥವು ಬರುವ ಅಪಾಯ ಎಷ್ಟೆಂದು ಅಂಕ ಹಾಕುವ ಫಾರಂ ಮನೆಮನೆಗೆ ಹೋಗಿ ತುಂಬುತ್ತೇನೆ. 4ಕ್ಕಿಂತ ಹೆಚ್ಚು ಅಂಕ ಬಂದವರೂ "ನನಗೇನಾಗಿದೆ?" ಎಂದು ಪರೀಕ್ಷೆಗೆ ಬರುವುದಿಲ್ಲ. ಅಡಿಕೆ ಕೊಯ್ಲಿನಲ್ಲಂತೂ ಯಾರೂ ಕೈಗೆ ಸಿಗುವುದಿಲ್ಲ.

ಉತ್ತರ: ಕೊಯ್ಲಿನಲ್ಲೇ ಸುಲಭ ಎಂದು ನನ್ನ ಅಭಿಪ್ರಾಯ. ಅಡಿಕೆ ಸುಲಿಯಲು ಹತ್ತಾರು ಜನ ಒಂದೇ ಅಂಗಳದಲ್ಲಿ ಕೂರುತ್ತಾರಲ್ಲ, ಸಮುದಾಯ ಆರೋಗ್ಯ ಅಧಿಕಾರಿಯನ್ನು ಗ್ಲುಕೋಮೀಟರ್ ಸಮೇತ ಅಲ್ಲಿಗೇ ಕರೆದೊಯ್ಯಿರಿ. ಮೇಸ್ತ್ರಿಯೋ ಮನೆಯ ಯಜಮಾನಿಯೋ ಮೊದಲು ಬೆರಳು ಕೊಟ್ಟರೆ ಉಳಿದವರೂ ಕೊಡುತ್ತಾರೆ. ಊಟವಾಗಿದ್ದರೂ ಅಡ್ಡಿಯಿಲ್ಲ. ಮೀಟರಿನಲ್ಲಿ ಸಕ್ಕರೆ 140 ದಾಟಿದವರನ್ನು ಇನ್ನೊಂದು ಬೆಳಗ್ಗೆ ಬರಿಹೊಟ್ಟೆಯಲ್ಲಿ ನಮ್ಮಲ್ಲಿಗೆ ಕಳುಹಿಸಿ; ಇಲ್ಲಿ 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ನೋಡಿ ಖಚಿತಪಡಿಸುತ್ತೇವೆ. ಅಂಗಳದಲ್ಲಿ ಮೀಟರ್ ತೋರಿಸಿದ ಸಂಖ್ಯೆ ನೋಡಿ ಯಾರಿಗೂ "ನಿಮಗೆ ಶುಗರ್ ಇದೆ" ಎಂದು ಹೇಳಿಬಿಡಬೇಡಿ. ಚುಚ್ಚುವ ಮೊದಲು ಕೈ ತೊಳೆಸಿ, ಒರೆಸಿ. ಚಹಾದ ಜೊತೆ ಬೆಲ್ಲ ಮುಟ್ಟಿದ ಬೆರಳಾದರೆ ಮೀಟರ್ ಸುಳ್ಳು ಹೇಳುತ್ತದೆ.