ಮುಂದೇನು ಎಂದು ತೋಚದಾಗ ಕೋಚ್ ಬಳಿ ಹೋಗಬೇಕೇ?

ಪ್ರಶ್ನೆ: ಬಹಳ ವರ್ಷಗಳಿಂದ ಒಂದೇ ಬಗೆಯ ಕೆಲಸ. ಸಂಬಳಕ್ಕೆ ಕೊರತೆಯಿಲ್ಲ, ಮನಸ್ಸು ಮಾತ್ರ ಅದರಲ್ಲಿಲ್ಲ. ಬಿಟ್ಟರೆ ಏನು ಮಾಡಬೇಕೆಂದೂ ತೋಚುತ್ತಿಲ್ಲ. ಲೈಫ್ ಕೋಚ್, ಅಂದರೆ ಮಾತುಕತೆಯ ಮೂಲಕ ನಮ್ಮ ಗುರಿ ನಾವೇ ಕಂಡುಕೊಳ್ಳಲು ಹಣ ಪಡೆದು ನೆರವಾಗುವವರು, ಒಬ್ಬರ ಬಳಿ ಹೋಗಬೇಕೆಂದುಕೊಂಡಿದ್ದೇನೆ. ಹೋಗಿಬಂದವರು ದಯವಿಟ್ಟು ಹೇಳಿ.

ಉತ್ತರ: ನಾನು ಹೋಗಿದ್ದೆ. ಅವರು ದಾರಿ ತೋರಿಸಲಿಲ್ಲ. ಅದು ಅವರ ಕೆಲಸವೂ ಅಲ್ಲ. ಮತ್ತೆ ಓದಬೇಕೆಂಬ ಆಸೆ ಇದೆ ಎಂದೆ. ಯಾವ ವಿಷಯ ಎಂದರು. ಹೇಳಿದೆ. “ಆ ವಿಷಯದ ಪುಸ್ತಕ ಕೊನೆಯ ಸಲ ತೆರೆದದ್ದು ಯಾವಾಗ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಭೇಟಿಯೊಳಗೆ ಆ ಕ್ಷೇತ್ರದಲ್ಲಿ ದುಡಿಯುವ ಒಬ್ಬರೊಡನೆ ಮಾತನಾಡಿ ಬರುವುದೆಂದು ತೀರ್ಮಾನವಾಯಿತು. ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದ ಆ ಫೋನ್ ಕರೆಯನ್ನು, ಮುಂದಿನ ವಾರ ಲೆಕ್ಕ ಕೇಳುವವರೊಬ್ಬರಿದ್ದಾರೆ ಎಂಬ ಒಂದೇ ಕಾರಣಕ್ಕೆ ಮಾಡಿದೆ. ಆ ಕ್ಷೇತ್ರದವರ ದಿನಚರಿ ಕೇಳಿದ ಮೇಲೆ ಓದಿನ ಆಸೆ ತಾನಾಗಿಯೇ ಇಳಿಯಿತು. ಅದೂ ಲಾಭವೇ. ನಾನು ಹಣ ತೆತ್ತದ್ದು ಉಪದೇಶಕ್ಕಲ್ಲ, ಈ ತಗಾದೆಗೆ. ಸ್ನೇಹಿತರೂ ಇದನ್ನು ಮಾಡಬಹುದು, ಆದರೆ ಎರಡನೆಯ ವಾರಕ್ಕೇ ನಮ್ಮ ಮೇಲೆ ಕನಿಕರಪಟ್ಟು ಸುಮ್ಮನಾಗುತ್ತಾರೆ.

ಇನ್ನೊಬ್ಬರು: ಬಹುತೇಕ ದೇಶಗಳಲ್ಲಿ ಕೋಚ್ ಎಂದು ಕರೆದುಕೊಳ್ಳಲು ಪರವಾನಗಿ ಬೇಕಿಲ್ಲ. ಆದ್ದರಿಂದ ವಿಚಾರಿಸಿ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಮೂರು ಹಂತದ ಮಾನ್ಯತೆ ನೀಡುತ್ತದೆ. ಅವುಗಳಿಗೆ ಕ್ರಮವಾಗಿ ಕನಿಷ್ಠ 100, 500, 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಗಂಟೆ ಹೆಚ್ಚಿದಷ್ಟೂ ಜಾಣ್ಮೆ ಹೆಚ್ಚುತ್ತದೆ ಎಂದೇನಿಲ್ಲ, ಆದರೆ ನಿನ್ನೆಯಷ್ಟೇ ಫಲಕ ಹಾಕಿದವರು ಈ ಜರಡಿಯಲ್ಲಿ ಸೋಸಿಹೋಗುತ್ತಾರೆ. ಫಲಿತಾಂಶ ಖಚಿತ ಎನ್ನುವವರನ್ನೂ, ಮೊದಲ ಮಾತುಕತೆಯಲ್ಲೇ ಇಡೀ ವರ್ಷದ ಶುಲ್ಕ ಕೇಳುವವರನ್ನೂ ಕೈಬಿಡಿ.

ಮತ್ತೊಬ್ಬರು: ನಿದ್ದೆ ಕೆಟ್ಟಿದ್ದರೆ, ಮೊದಲು ಹಿಡಿಸುತ್ತಿದ್ದ ಯಾವುದೂ ಈಗ ಹಿಡಿಸದಿದ್ದರೆ ಕೋಚ್ ಅಲ್ಲ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಕೊನೆಯವರು: ನನಗೆ ಕೋಚಿಂಗ್ ಮೇಲೆ ಅಷ್ಟು ಭರವಸೆಯಿಲ್ಲ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಅವರ ಒಂದು ಪ್ರಯೋಗದಲ್ಲಿ, ಕೆಲಸ ಬಿಡಲೋ ಬೇಡವೋ ಎಂಬಂತಹ ಗೊಂದಲದಲ್ಲಿದ್ದವರು ನಾಣ್ಯ ಚಿಮ್ಮಿಸಿದರು. ಒಟ್ಟು 20,000ಕ್ಕೂ ಹೆಚ್ಚು ಚಿಮ್ಮುಗೆಗಳು. ದೊಡ್ಡ ನಿರ್ಧಾರಗಳಲ್ಲಿ, ನಾಣ್ಯ ‘ಬದಲಾಯಿಸು’ ಎಂದವರು ಬದಲಾಯಿಸಿದ್ದೂ ಹೆಚ್ಚು, ಆರು ತಿಂಗಳ ನಂತರ ಹೆಚ್ಚು ಸಂತೋಷವಾಗಿದ್ದೇವೆ ಎಂದದ್ದೂ ಹೆಚ್ಚು. ಹಾಗೆಂದು ಈ ರಾತ್ರಿಯೇ ರಾಜೀನಾಮೆ ಬರೆಯಬೇಡಿ. ತಕ್ಕಡಿ ಸಮವಾಗಿ ನಿಂತವರು ಬದಲಾವಣೆಗೆ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ ಎಂಬಷ್ಟನ್ನು ನಾನು ಇದರಿಂದ ತೆಗೆದುಕೊಂಡೆ. ನಿಮ್ಮದು ಇನ್ನೂ ಆ ಹಂತಕ್ಕೆ ಬಂದಂತಿಲ್ಲ, ತಕ್ಕಡಿಯ ಇನ್ನೊಂದು ತಟ್ಟೆ ಖಾಲಿಯಾಗಿದೆ. ಅಂದಹಾಗೆ, ನಿಮಗೆ ಬೇಸರ ಬಂದಿರುವುದು ಈ ಕೆಲಸದ ಮೇಲೋ, ಈ ಕಚೇರಿಯ ಮೇಲೋ? ಕಚೇರಿಯ ಮೇಲಾದರೆ ಕೋಚ್ ಬೇಡ, ಇದೇ ಕೆಲಸಕ್ಕೆ ಬೇರೆ ಕಡೆ ಅರ್ಜಿ ಹಾಕಿ.