ತುಮಕೂರಲ್ಲಿ ವಾಸಕ್ಕೂ ಕಲಾ ಕೆಲಸಕ್ಕೂ ಒಂದೇ ಜಾಗ: ಅಡ್ವಾನ್ಸ್ ಕೊಡೋ ಮುಂಚೆ ಏನು ನೋಡಬೇಕು?

ಮಣ್ಣುಕೈ:
ಇಬ್ಬರು ಕಲಾವಿದರಿಗೆ ಜಾಗ ಬೇಕು. ಒಬ್ಬರದು ತೈಲವರ್ಣ, ಇನ್ನೊಬ್ಬರದು ಜೇಡಿಮಣ್ಣು, ಆಗಾಗ ಫೈಬರ್ ಎರಕ (ಅಚ್ಚಿಗೆ ರೆಸಿನ್ ಅನ್ನೋ ಅಂಟು ದ್ರವ, ಗಾಜಿನ ನಾರು ಹಾಕಿ ಮೂರ್ತಿ ತೆಗೆಯೋದು). 6 ಕಿಲೋವ್ಯಾಟ್‌ನ ಕರೆಂಟ್ ಕಿಲ್ನ್ (ಮಣ್ಣಿನ ಕೆಲಸ ಸುಡೋ ಗೂಡು) ಇದೆ. ಬಾಡಿಗೆ 12,000 ದಾಟಬಾರದು. ಬಟವಾಡಿಯಲ್ಲಿ ಮೊದಲ ಮಹಡಿಯ ಡಬಲ್ ಬೆಡ್‌ರೂಂ, ಕ್ಯಾತ್ಸಂದ್ರದ ಕಡೆ ಹಿತ್ತಲಲ್ಲಿ ಶೀಟಿನ ಶೆಡ್ ಇರೋ ಹಳೇ ಮನೆ. ಯಾವುದು ವಾಸಿ?

ಉಳಿಸುತ್ತಿಗೆ:
ಶೆಡ್ ಇರೋದೇ ತಗೊಳ್ಳಿ. ವಾಸದ ಮನೆಯ ಮಹಡಿಯನ್ನ ಚದರ ಮೀಟರಿಗೆ ಸುಮಾರು 200 ಕೆಜಿ ಲೆಕ್ಕದಲ್ಲಿ ಕಟ್ಟಿರ್ತಾರೆ. 25 ಕೆಜಿಯ ಮಣ್ಣಿನ ಚೀಲ ಇಪ್ಪತ್ತು ಒಂದೇ ಮೂಲೆಗೆ ಒಟ್ಟಿದರೆ ಅರ್ಧ ಟನ್. ನಾಳೆ ಮಾಲೂರಿನ ಶಿವಾರಪಟ್ಟಣದ ಶಿಲ್ಪಿಗಳ ಹಾಗೆ ಕಲ್ಲಿಗೆ ಕೈ ಹಾಕಿದಿರೋ, ಎರಡಡಿ ಉದ್ದ, ಅಗಲ, ಎತ್ತರದ ಗ್ರಾನೈಟ್ ಒಂದೇ 600 ಕೆಜಿ.

ಶೆಡ್ಡಿಗೆ ಬಿಸಿಲೇ ಶತ್ರು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ಅಂತ ಎಲ್ಲರೂ ಹೇಳ್ತಾರೆ. ಥಿನ್ನರ್, ಕಿಲ್ನ್ ಇರೋ ಕಡೆ ಅದು ಬೇಡ, ಸುಣ್ಣ ಬಳಿಸಿ. ಉತ್ತರದ ಗೋಡೆಯಲ್ಲಿ ಎತ್ತರಕ್ಕೆ ಕಿಟಕಿ ಇದ್ದರೆ ಬಣ್ಣದ ಕೆಲಸಕ್ಕೆ ಅದಕ್ಕಿಂತ ಬೆಳಕು ಬೇಕಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬಿಸಾಡಬೇಡಿ, ಒಣಗ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ನೀರು ತುಂಬಿದ, ಮುಚ್ಚಳ ಇರೋ ತಗಡಿನ ಡಬ್ಬಿಗೆ ಹಾಕಿ.

ಸಿಂಗಲ್‌ಫೇಸ್:
ಬಾಡಿಗೆ ಆಮೇಲೆ, ಮೊದಲು ಮೀಟರ್ ನೋಡಿ. 6 ಕಿಲೋವ್ಯಾಟ್ ಅಂದ್ರೆ 230 ವೋಲ್ಟ್‌ನಲ್ಲಿ 26 ಆಂಪ್. ಗೀಸರಿನ 16 ಆಂಪ್ ಸಾಕೆಟ್ಟಿಗೆ ಚುಚ್ಚಿದರೆ ಸಾಕೆಟ್ ಕರಗುತ್ತೆ. ಮೀಟರ್ ಬೋರ್ಡಿನಿಂದಲೇ 6 ಚದರ ಮಿಮೀ ತಾಮ್ರದ ವೈರ್, 32 ಆಂಪ್ ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗೋ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಮಂಜೂರಾದ ಲೋಡ್ ಬೆಸ್ಕಾಂ ಬಿಲ್ಲಿನಲ್ಲೇ ಇರುತ್ತೆ. 2–3 ಕಿಲೋವ್ಯಾಟ್ ಇದ್ದರೆ ಹೆಚ್ಚಿಸೋಕೆ ಮಾಲೀಕರನ್ನ ಒಪ್ಪಿಸಬೇಕು, ಅದಕ್ಕೆ ಬೆಸ್ಕಾಂಗೆ ಕಟ್ಟೋ ಠೇವಣಿ ಯಾರ ತಲೆ ಮೇಲೆ ಅನ್ನೋದನ್ನ ಈಗಲೇ ಇತ್ಯರ್ಥ ಮಾಡ್ಕೊಳ್ಳಿ.

ಗೃಹಜ್ಯೋತಿ ನೆಚ್ಚಬೇಡಿ. ಅದು ಮನೆ ಬಳಕೆಗೆ ಮಾತ್ರ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್. ಕಿಲ್ನ್ 8 ಗಂಟೆ ಪೂರ್ತಿ ಉರಿದರೆ 48 ಯೂನಿಟ್, ನಾಲ್ಕು ಸಲ ಸುಟ್ಟರೆ ಅಲ್ಲಿಗೇ 192. ಮನೆ ಮೀಟರಿನಲ್ಲಿ ವರ್ಕ್‌ಶಾಪ್ ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರ. ಶೆಡ್ಡಿಗೆ ಬೇರೆ ಮೀಟರ್ ಹಾಕಿಸೋದೇ ಲಾಭ.

ಕರಾರುಪತ್ರ:
ಕರಾರಿನಲ್ಲಿ ಬರೀ 'ವಾಸಕ್ಕೆ' ಅಂತ ಬರೆಸಿದರೆ ಪಕ್ಕದ ಮನೆಯವರ ಮೊದಲ ದೂರಿಗೇ ಖಾಲಿ ಮಾಡಿ ಅಂತಾರೆ. 'ವಾಸ ಮತ್ತು ಕಲಾ ಕೆಲಸಕ್ಕೆ' ಅಂತ ಬರೆಸಿ, ಗ್ರೈಂಡರ್ ಸಮಯವನ್ನೂ ಸೇರಿಸಿ. ನೆಲ, ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ, ಬಣ್ಣದ ಕಲೆಗೆ ಅಡ್ವಾನ್ಸ್ ಮುರಿದುಕೊಳ್ಳೋದು ಇದ್ದದ್ದೇ. ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳು ಅನ್ನೋದು. ಕಿಲ್ನ್ ವೈರಿಂಗಿಗೆ ದುಡ್ಡು ಸುರಿಯೋರು ಮೂರು ವರ್ಷಕ್ಕೆ ನೋಂದಣಿ ಮಾಡಿಸೋದೇ ಮೇಲು. ಲಕ್ಷಗಟ್ಟಲೆ ಕೊಟ್ಟು ಲೀಸಿಗೆ ಹಾಕ್ಕೊಳ್ಳೋದಾದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿ ಮೇಲೆ ಅಡಮಾನ ಇದೆಯಾ ಅಂತ ತೋರಿಸೋ ಋಣಭಾರ ಪತ್ರ) ತೆಗೆಸದೆ ಹಣ ಕೊಡಬೇಡಿ.

ಮಣ್ಣುಕೈ:
ಫೈಬರ್ ಎರಕ ಶೆಡ್ಡಲ್ಲೇ ಮಾಡಬಹುದಾ? ಅಡುಗೆಮನೆಗೆ ಅಂಟಿಕೊಂಡಿದೆ.

ಉಳಿಸುತ್ತಿಗೆ:
ಬೇಡ. ರೆಸಿನ್ ಆವಿ ಮನೆಯೊಳಗೇ ಬರುತ್ತೆ, ಒಲೆಯ ಕಿಡಿಗೆ ಹೊತ್ತಿಕೊಳ್ಳುತ್ತೆ ಕೂಡ. ಹಿತ್ತಲಲ್ಲಿ ಬಯಲಿಗೆ ಮಾಡಿ. ಕೋಬಾಲ್ಟನ್ನ (ಬೇಗ ಗಟ್ಟಿಯಾಗಲಿ ಅಂತ ಹಾಕೋ ದ್ರವ) ಮೊದಲು ರೆಸಿನ್‌ಗೆ ಪೂರ್ತಿ ಕಲಸಿ, ಹಾರ್ಡ್‌ನರ್ ಆಮೇಲೆ. ಕೋಬಾಲ್ಟನ್ನೂ ಹಾರ್ಡ್‌ನರನ್ನೂ ನೇರ ಬೆರೆಸಿದರೆ ಸಿಡಿಯುತ್ತೆ, ಒಂದೇ ಕಪಾಟಿನಲ್ಲಿ ಇಡಲೂಬೇಡಿ. ಮಣ್ಣಿನ ಪುಡಿ ಒಣಗಿದ್ದಾಗ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿದ ಕೈ ಸಿಂಕಿನಲ್ಲಿ ತೊಳೆದರೆ ಪೈಪಿನ ನೀರೊಳಗೇ ಗಟ್ಟಿಯಾಗುತ್ತೆ. ಬಕೆಟ್ಟಿನಲ್ಲಿ ತೊಳೆದು, ತಳದಲ್ಲಿ ಕೂತ ಮೇಲೆ ತಿಳಿನೀರು ಚೆಲ್ಲಿ.